ಅಪ್ಪ ಹಿತ್ತಲು ಕಿತ್ತ ದಿನ

ನಾನಿನ್ನೂ ಚಿಕ್ಕವಳಿದ್ದಾಗ, ಸಂಜೆ ದೀಪ ಹಚ್ಚಿದ ಮೇಲೆ ನಮ್ಮ ಮನೆಯ ಹಿತ್ತಲಲ್ಲಿ ಯಾರೂ ಗಟ್ಟಿಯಾಗಿ ಮಾತಾಡುವಂತಿರಲಿಲ್ಲ. ಗಿಡಗಳು ಮಲಗಿವೆ, ಎಬ್ಬಿಸಬೇಡ ಎಂದು ಆಯಿ ಪಿಸುಮಾತಿನಲ್ಲೇ ಬೈಯುತ್ತಿದ್ದಳು. ನೀವು ಈಗ ನನ್ನನ್ನು ಆಯಿ ಎಂದು ಕರೆಯುತ್ತೀರಲ್ಲ, ಹಾಗೆ ನಾನು ಆಯಿ ಎನ್ನುತ್ತಿದ್ದದ್ದು ನನ್ನ ಅಪ್ಪನ ಅವ್ವನನ್ನು. ಸಣ್ಣ ಆಕಾರದ ಮುದುಕಿ. ಹಣೆ ತುಂಬ ವಿಭೂತಿ, ಕೈಯಲ್ಲಿ ಹಸಿರು ಬಳೆಯ ಬದಲು ಯಾವಾಗಲೂ ಯಾವುದೋ ಎಲೆಯ ಹಸಿರು. ಅವಳು ಹತ್ತಿರ ಬಂದರೆ ಯಾವ ಗಿಡದ ಬಳಿಯಿಂದ ಎದ್ದು ಬಂದಳೆಂದು ಕಣ್ಣು ಮುಚ್ಚಿಕೊಂಡೇ ಹೇಳಬಹುದಿತ್ತು.

ಸೇಡಂನಿಂದ ಚಿಂಚೋಳಿಗೆ ಹೋಗುವ ರಸ್ತೆಯ ಬದಿಗೆ ನಮ್ಮ ಊರು. ಮನೆಯ ಗೋಡೆ, ನೆಲ, ಕುಳಿತುಕೊಳ್ಳುವ ಕಟ್ಟೆ ಎಲ್ಲವೂ ಫರಸಿ ಎಂಬ ಚಪ್ಪಡಿ ಕಲ್ಲಿನವು. ಬೇಸಿಗೆಯಲ್ಲಿ ಆ ಕಲ್ಲು ಕಾದು ಅಂಗಾಲು ಚುರುಗುಟ್ಟುತ್ತಿತ್ತು. ಹಿತ್ತಲ ಬಾಗಿಲು ದಾಟಿದರೆ ಮಾತ್ರ ಬೇರೆಯೇ ಊರಿಗೆ ಬಂದಂತೆ ತಂಪು. ಬಚ್ಚಲ ನೀರು ಹರಿದು ಹೋಗುವ ದಾರಿಯಲ್ಲಿ ಬಜೆಯ ಗಿಡಗಳು ಉದ್ದನೆಯ ಕತ್ತಿಗಳಂತೆ ನಿಂತಿರುತ್ತಿದ್ದವು. ಆಚೆ ಗೋಡೆಯ ಬದಿಗೆ ಮರುಗ, ದವನ. ಬೇಲಿಯುದ್ದಕ್ಕೂ ಲಕ್ಕಿ ಗಿಡ, ಎಲೆಯ ಮೇಲ್ಭಾಗ ಹಸಿರು, ಕೆಳಭಾಗ ಬೂದಿ ಬಣ್ಣ. ನಡುವೆ ತುಳಸಿ ಕಟ್ಟೆ. ಅದರ ಬುಡದಲ್ಲಿ ಯಾರೂ ನೆಡದೆ ಹುಟ್ಟಿದ ತುಂಬೆ, ಅದರ ಬಿಳಿ ಹೂವಿಗೆ ಇರುವೆಗಳ ಸಾಲು.

ಆಯಿಯ ಪ್ರಕಾರ ಆ ಒಂದೊಂದು ಗಿಡಕ್ಕೂ ಒಂದೊಂದು ಕೆಲಸವಿತ್ತು. ದವನದ ಕಡ್ಡಿಯನ್ನು ತಲೆದಿಂಬಿನ ಕೆಳಗಿಟ್ಟು ಮಲಗಿದರೆ ಕೆಟ್ಟ ಕನಸು ಬೀಳುವುದಿಲ್ಲ. ಮರುಗ ಮುಡಿದುಕೊಂಡ ಹುಡುಗಿಯರು ಮಟಮಟ ಮಧ್ಯಾಹ್ನ ಹುಣಸೆ ಮರದ ಕೆಳಗೆ ಹೋಗಬಾರದು, ಆ ವಾಸನೆಗೆ ದೆವ್ವದ ಗಾಳಿ ಹಿಂದೆ ಬೀಳುತ್ತದೆ. ಬಜೆಯ ಬೇರನ್ನು ಒಣಗಿಸಿ ದಾರದಲ್ಲಿ ಪೋಣಿಸಿ ಕೈಗೆ ಕಟ್ಟಿದರೆ ಕೂಸು ನಿದ್ದೆಯಲ್ಲಿ ಬೆಚ್ಚುವುದಿಲ್ಲ, ಮಾತೂ ಬೇಗ ಬರುತ್ತದೆ. ಲೋಳಸರವನ್ನಂತೂ ಬೇರುಸಹಿತ ಕಿತ್ತು ಮುಂಬಾಗಿಲಿಗೆ ತಲೆಕೆಳಗಾಗಿ ಕಟ್ಟಿದ್ದಳು. ನೀರಿಲ್ಲ, ಮಣ್ಣಿಲ್ಲ, ಆದರೂ ಅದು ಹಸಿರಾಗಿಯೇ ಇರುತ್ತಿತ್ತು. ಮನೆಯೊಳಗೆ ಬರುವ ನದರನ್ನೆಲ್ಲ, ಕೆಟ್ಟ ದೃಷ್ಟಿಯನ್ನೆಲ್ಲ, ಅದೇ ನುಂಗುತ್ತದೆ, ಅದೇ ಅದರ ಊಟ ಎಂದು ಆಯಿ ಹೇಳಿದಾಗ ನಾನು ಎಷ್ಟೋ ಹೊತ್ತು ಬಾಗಿಲ ಕೆಳಗೆ ನಿಂತು ಅದು ಬಾಯಿ ತೆರೆಯುವುದನ್ನು ಕಾದದ್ದುಂಟು.

ಸುತ್ತಲ ಊರುಗಳಿಂದ ಹೆಣ್ಣುಮಕ್ಕಳು ಅಳುವ ಕೂಸುಗಳನ್ನು ಎತ್ತಿಕೊಂಡು ಬರುತ್ತಿದ್ದರು. ಆಯಿ ಯಾರನ್ನೂ ಬರಿಗೈಯಲ್ಲಿ ಕಳಿಸಿದವಳಲ್ಲ. ಆದರೆ ಯಾರಿಗೂ ತಾವಾಗಿ ಗಿಡ ಮುಟ್ಟಲು ಬಿಡುತ್ತಿರಲಿಲ್ಲ. ಆ ಭಾಗ್ಯ ಇದ್ದದ್ದು ನನಗೊಬ್ಬಳಿಗೇ.

“ಕೈ ಹಚ್ಚೂಕಿಂತ ಮೊದಲ ಕೇಳಬೇಕವ್ವಾ,” ಎನ್ನುತ್ತಿದ್ದಳು. “ಕೇಳದೇ ಹರಕೊಂಡ್ರ ಅದು ಬರೇ ತಪ್ಪಲ ಆಗ್ತದ. ಔಷಧ ಆಗಂಗಿಲ್ಲ.”

ತಪ್ಪಲ ಎಂದರೆ ಸೊಪ್ಪು. ಕೇಳುವುದೆಂದರೆ ಸುಮ್ಮನೆ ಕೇಳುವುದಲ್ಲ. ಪ್ರತಿ ಗಿಡಕ್ಕೂ ಹೇಳುವ ಮಾತು ಬೇರೆ. ಮೊದಲು ನೆಲ ಮುಟ್ಟಿ, ಆ ಕೈ ಹಣೆಗೆ ಹಚ್ಚಿಕೊಂಡು, ಆಮೇಲೆ ಹೇಳಬೇಕು. ಆಯಿ ಅವಸರ ಮಾಡುತ್ತಿರಲಿಲ್ಲ. ಒಂದು ಗಿಡದ ಮಾತು ನನ್ನ ಬಾಯಲ್ಲಿ ಕೂತಿತೆಂದು ಅವಳಿಗೆ ಖಾತ್ರಿಯಾದ ಮೇಲೆಯೇ ಇನ್ನೊಂದು. ನಾನು ತುಳಸಿಯದನ್ನು ಕಲಿತಿದ್ದೆ. ಲಕ್ಕಿಯದನ್ನೂ ಕಲಿತಿದ್ದೆ. “ಲಕ್ಕೆವ್ವಾ, ಎಲಿ ನಮಗಿರಲಿ, ಬೇರು ನಿನಗಿರಲಿ, ಬ್ಯಾನಿ ಹಳ್ಳದ ಪಾಲಾಗಲಿ.” ಬ್ಯಾನಿ ಎಂದರೆ ಬೇನೆ, ನೋವು. ಮುಂದೆ ಬಜೆಯದು ಎಂದು ಆಯಿ ಹೇಳಿದ್ದಳು.

ಆ ವರ್ಷ ಅಕ್ಕ ಹೆರಿಗೆಗೆ ತವರಿಗೆ ಬಂದಿದ್ದಳು. ಗಂಡು ಕೂಸು ಹುಟ್ಟಿತು. ಆಯಿಯ ಸಂಭ್ರಮ ಹೇಳತೀರದು. ಬಾಣಂತಿಯ ಕೋಣೆಯ ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿದಳು. ಕೂಸಿನ ಪುಟ್ಟ ಮಣಿಕಟ್ಟಿಗೆ ಬಜೆಯ ಮಣಿ ಕಟ್ಟಿದಳು. ಎಣ್ಣೆ, ಅರಿಶಿನ, ಹಾಲಿನ ಹುಳಿವಾಸನೆ ಬೆರೆತ ಆ ಕತ್ತಲ ಕೋಣೆಯಲ್ಲಿ ಕುಳಿತು ಕೂಸಿನ ಕಾಲು ಬೆರಳು ಮುಟ್ಟುವುದೇ ನನ್ನ ಆಟವಾಗಿತ್ತು.

ಶ್ರಾವಣದ ಒಂದು ದಿನ. ನಾಲ್ಕಾರು ದಿನದಿಂದ ಜಿಟಿಜಿಟಿ ಮಳೆ ಹಿಡಿದುಕೊಂಡಿತ್ತು. ಆ ಬೆಳಿಗ್ಗೆ ಜರಾ ಹೊಳವಾಗಿ ಮಳೆ ನಿಂತಿದ್ದರಿಂದ ಅಪ್ಪ ಮತ್ತು ಅವ್ವ ತೊಗರಿ ಹೊಲಕ್ಕೆ ಹೋಗಿದ್ದರು. ಶಾಲೆಗೆ ರಜೆ. ಮನೆಯಲ್ಲಿ ಆಯಿ, ಅಕ್ಕ, ಕೂಸು, ನಾನು. ನಾನು ಅಡುಗೆಮನೆಯಲ್ಲಿ ನಿನ್ನೆಯ ರೊಟ್ಟಿಗೆ ಶೇಂಗಾ ಹಿಂಡಿ ಹಚ್ಚಿಕೊಂಡು ತಿನ್ನುತ್ತಿದ್ದಾಗ ಅಕ್ಕನ ದನಿ ಕೇಳಿಸಿತು.

“ಆಯಿ, ಇಲ್ಲಿ ಬಾ. ಕೂಸು ಹಾಲ ಕುಡಿವಲ್ದು. ಮೈ ಸುಡ್ಲಿಕತ್ತದ.”

ಆಯಿ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡಳು. ನೆತ್ತಿ ಮುಟ್ಟಿದಳು, ಅಂಗಾಲು ಮುಟ್ಟಿದಳು, ರೆಪ್ಪೆ ಎತ್ತಿ ನೋಡಿದಳು.

“ನಿನ್ನಿ ಸಂಜಿಮುಂದ ಕೂಸಿನ ಅರಿವಿ ಹೊರಗ ಬಿಟ್ಟಿದ್ದೇನು?”

“ಹೂಂ. ಮಳಿಗಿ ಒಣಗಿದ್ದಿಲ್ಲ, ಜರಾ ಬಿಸಲ ಬಿತ್ತಂತ ಹಾಕಿದ್ದೆ. ದೀಪ ಹಚ್ಚೂತನಕ ಗ್ವಾಡಿ ಮ್ಯಾಲೇ ಇದ್ವು.”

“ಹಂಗಾರ ಹಕ್ಕಿ ನೆಳ್ಳು ಬಿದ್ದದ,” ಎಂದಳು ಆಯಿ. ಸಂಜೆ ಗೂಡಿಗೆ ಮರಳುವ ಹಕ್ಕಿಗಳ ನೆರಳು ಕೂಸಿನ ಬಟ್ಟೆಯ ಮೇಲೆ ಬಿದ್ದರೆ, ಆ ಬಟ್ಟೆ ತೊಟ್ಟ ಕೂಸು ಹಕ್ಕಿಯಂತೆ ಬಾಯಿ ತೆರೆದು ಏದುಸಿರು ಬಿಡುತ್ತದೆ ಎಂದು ಆಗ ಎಲ್ಲರೂ ನಂಬುತ್ತಿದ್ದರು. ಕೂಸು ಹಾಗೆಯೇ ಉಸಿರಾಡುತ್ತಿತ್ತು. ಅದರ ಪುಟ್ಟ ಎದೆ ಪಟಪಟ ಹಾರುತ್ತಿತ್ತು.

ಆಯಿ ನನ್ನತ್ತ ತಿರುಗಿ, “ಲಕ್ಕಿ ತಪ್ಪಲ ತಗೊಂಡ ಬಾ. ಕೇಳಿ ತಗೊಂಡ ಬಾ,” ಎಂದಳು.

ನಾನು ಓಡಿದೆ. ಲಕ್ಕಿಯ ಎಲೆಗಳ ಮೇಲೆ ಮಳೆಹನಿ ಕೂತಿದ್ದವು. ಒದ್ದೆ ನೆಲ ಮುಟ್ಟಿ, ಮಣ್ಣನ್ನು ಹಣೆಗೆ ಹಚ್ಚಿಕೊಂಡು, ಒಂದಕ್ಷರವೂ ತಪ್ಪದಂತೆ ಮಾತು ಹೇಳಿ ಎಲೆ ಹರಿದೆ. ಆ ಗಳಿಗೆಯಲ್ಲಿ ನನಗೆ ಭಯವಿರಲಿಲ್ಲ. ಗಿಡ ನನ್ನ ಮಾತು ಕೇಳಿಸಿಕೊಂಡಿತು, ಇನ್ನು ಕೂಸಿಗೆ ಏನೂ ಆಗುವುದಿಲ್ಲ ಎಂದು ಪೂರ್ತಿ ನಂಬಿದ್ದೆ.

ಆಯಿ ಕೆಂಡದ ಮೇಲೆ ಲಕ್ಕಿ ಎಲೆ, ಬೇವಿನ ಎಲೆ, ಒಂದು ಹಿಡಿ ಅಜವಾನ ಹಾಕಿದಳು. ದಪ್ಪನೆಯ ಬಿಳಿ ಹೊಗೆ ಎದ್ದಿತು. ಕೂಸನ್ನು ಆ ಹೊಗೆಯ ಮೇಲೆ ಅತ್ತ ಇತ್ತ ತೂಗಿದಳು. ನಮ್ಮ ಕಣ್ಣುಗಳಲ್ಲಿ ನೀರು. ಕೂಸು ಒಮ್ಮೆ ಸೀನಿತು, ಕ್ಷೀಣವಾಗಿ ಅತ್ತಿತು, ಆಮೇಲೆ ಸುಮ್ಮನಾಗಿ ಕಣ್ಣು ಮುಚ್ಚಿತು. ಆಯಿ ಅಕ್ಕನ ತಲೆ ಸವರಿ, “ನೋಡು, ಮಲಗ್ತು. ಹಗುರ ಆಗ್ಯಾದ,” ಎಂದು ನಕ್ಕಳು. ಅಕ್ಕನೂ ನಕ್ಕಳು. ನನಗೆ ಬೆಲ್ಲದ ಚೂರು ಸಿಕ್ಕಿತು.

ಆದರೆ ಅದು ನಿದ್ದೆಯಾಗಿರಲಿಲ್ಲ. ಸ್ವಲ್ಪ ಹೊತ್ತಿಗೆ ಅಕ್ಕ ಕೂಸಿನ ಅಂಗಿ ಎತ್ತಿ ನೋಡಿದಾಗ ಪ್ರತಿ ಉಸಿರಿಗೂ ಪಕ್ಕೆಲುಬಿನ ಕೆಳಗೆ ಚರ್ಮ ಒಳಕ್ಕೆ ಸೆಳೆದುಕೊಳ್ಳುತ್ತಿತ್ತು. ತುಟಿಯ ಸುತ್ತ ಬಣ್ಣ ಕಪ್ಪಾಗಿತ್ತು.

“ಆಯಿ, ಅಪ್ಪಗ ಕರಿಸಮಿ. ದವಾಖಾನಿಗಿ ಹೋಗಮಿ.”

“ಜರಾ ತಡಿ ಮಗಾ. ಹೊಗಿ ಒಳಗ ಇಳಿಲಿಕತ್ತದ. ಇನ್ನೊಮ್ಮಿ ಹಾಕ್ತೀನಿ. ಹೊತ್ತು ಮುಣಗೂದ್ರಾಗ ತಾನೇ ಹಾಲ ಕುಡಿತದ ನೋಡು.”

ಆಯಿ ಮತ್ತೆ ಕೆಂಡ ಊದತೊಡಗಿದಳು. ಅವಳು ಹಟಕ್ಕೆ ಹಾಗೆ ಮಾಡಿದಳೆಂದು ನನಗೆ ಅನಿಸುವುದಿಲ್ಲ. ಅವಳ ಕೈಯಲ್ಲಿ ಎಷ್ಟೋ ಕೂಸುಗಳು ಅಳು ನಿಲ್ಲಿಸಿ ಗುಣವಾಗಿದ್ದವು. ಹಿಂದೆ ಅವಳ ಸ್ವಂತ ಕೂಸುಗಳು ಜ್ವರದಲ್ಲಿ ಮಲಗಿದಾಗ ಸುತ್ತ ಎಲ್ಲೂ ದವಾಖಾನೆಯೇ ಇರಲಿಲ್ಲ. ಆಗ ಇದ್ದದ್ದು ಈ ಹಿತ್ತಲೊಂದೇ. ಅದನ್ನು ಬಿಟ್ಟು ಇನ್ನೊಂದು ಬಾಗಿಲು ತಟ್ಟಬಹುದೆಂದು ಅವಳಿಗೆ ಹೊಳೆಯಲೇ ಇಲ್ಲ.

ಅಕ್ಕ ಎದ್ದು ನಿಂತಳು. ಕೂಸನ್ನು ಅವ್ವನ ಹಳೆಯ ಸೀರೆಯಲ್ಲಿ ಸುತ್ತಿ ಎದೆಗೆ ಅವಚಿಕೊಂಡಳು. ನನಗೆ, “ಕೊಡಿ ತಗೋ,” ಎಂದಳು. ಕೊಡಿ ಎಂದರೆ ಛತ್ರಿ.

ಆಯಿ ಬಾಗಿಲಿಗೆ ಅಡ್ಡ ಬಂದಳು. “ಬಾಣಂತಿ ಹೊಸ್ತಿಲಾ ದಾಟಬಾರ್ದ! ಹೊರಗ ಮಳಿ ಅದ, ಗಾಳಿ ಅದ! ನಿಂಗೂ ಹತ್ತತದ, ಕೂಸಿಗೂ ಹತ್ತತದ!”

“ನಿನ್ನ ಕಾಲ ಬೀಳ್ತೀನಿ ಆಯಿ, ನನಗ ತಡಿಬ್ಯಾಡ,” ಎಂದಳು ಅಕ್ಕ. ಅವಳು ಅಳುತ್ತಿರಲಿಲ್ಲ. ಅಕ್ಕನ ಮುಖವನ್ನು ಹಾಗೆ ನಾನು ಹಿಂದೆಂದೂ ನೋಡಿರಲಿಲ್ಲ. ಆಯಿ ತಾನಾಗಿಯೇ ಬದಿಗೆ ಸರಿದಳು.

ಹೊಲದ ದಾರಿಯ ಕರಿಮಣ್ಣು ಕಾಲಿಗೆ ಮೆತ್ತಿ ಮೆತ್ತಿ ಹೆಜ್ಜೆ ಕಲ್ಲಿನಷ್ಟು ಭಾರವಾಗುತ್ತಿತ್ತು. ಮತ್ತೆ ಮಳೆ ಹನಿಯಲಾರಂಭಿಸಿತ್ತು. ನಾನು ಕೈ ಎತ್ತರಿಸಿ ಕೊಡಿ ಹಿಡಿದರೂ ಅದು ಅಕ್ಕನ ಭುಜದವರೆಗೂ ಬರುತ್ತಿರಲಿಲ್ಲ. ಹಡೆದ ಮೈ ಇನ್ನೂ ಗಟ್ಟಿಯಾಗದ ಅಕ್ಕ ಒಂದೆರಡು ಕಡೆ ಜಾರಿದಳು, ಆದರೆ ಕೂಸನ್ನು ಸಡಿಲ ಬಿಡಲಿಲ್ಲ. ದೂರದಲ್ಲಿ ತೊಗರಿ ಸಾಲಿನ ನಡುವೆ ಅಪ್ಪನ ತಲೆಯ ರುಮಾಲು ಕಂಡಾಗ ನಾನು ಗಂಟಲು ಹರಿಯುವಂತೆ ಕೂಗಿದೆ.

ಅಪ್ಪ ಓಡಿ ಬಂದ. ಹಿಂದೆಯೇ ಅವ್ವ.

“ಏನಾಯ್ತ? ಬಾಣಂತಿ ಮಳ್ಯಾಗ ಯಾಕ ಬಂದಿ?”

ಅಕ್ಕ ಸೀರೆಯ ಮಡಿಕೆ ಸರಿಸಿ ಕೂಸಿನ ಮುಖ ತೋರಿಸಿದಳು, ಅಷ್ಟೇ. ಅಪ್ಪ ಎತ್ತುಗಳನ್ನು ಪಕ್ಕದ ಹೊಲದವರಿಗೆ ಒಪ್ಪಿಸಿ, ಕೂಸನ್ನು ತಾನೇ ಎತ್ತಿಕೊಂಡು ರಸ್ತೆಯ ಕಡೆ ದಾಪುಗಾಲು ಹಾಕಿದ. ಬಸ್ಸು ಬರುವ ಹೊತ್ತಾಗಿರಲಿಲ್ಲ. ಸೇಡಂ ಕಡೆಯಿಂದ ಫರಸಿ ಕಲ್ಲು ಹೇರಿಕೊಂಡು ಒಂದು ಲಾರಿ ಬರುತ್ತಿತ್ತು. ಅಪ್ಪ ರಸ್ತೆಯ ನಡುವೆ ನಿಂತು ಕೈ ಎತ್ತಿದ. ಲಾರಿಯ ಗಡ್ಡದ ಡ್ರೈವರು ಕೂಸನ್ನು ನೋಡಿದ್ದೇ ತಡ, “ಹತ್ರಿ ಅಣ್ಣಾ, ಜಲ್ದಿ ಹತ್ರಿ, ಕೂಸಿಗಿ ಒಳಗ ತಗೊಳ್ರಿ,” ಎಂದು ತನ್ನ ಒಣ ಟವೆಲ್ಲನ್ನು ಅಕ್ಕನಿಗೆ ಕೊಟ್ಟ. ಡೀಸೆಲ್ ವಾಸನೆ, ಒದ್ದೆ ಬಟ್ಟೆಯ ವಾಸನೆ, ಅದರ ನಡುವೆ ಕೂಸಿನ ಮೈಯಿಂದ ಏಳುತ್ತಿದ್ದ ಲಕ್ಕಿ ಹೊಗೆಯ ವಾಸನೆ. ಚಿಂಚೋಳಿ ಮುಟ್ಟುವವರೆಗೂ ಅವ್ವ ಕೊರಳ ಲಿಂಗವನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ತುಟಿ ಅಲುಗಿಸುತ್ತಿದ್ದಳು.

ದವಾಖಾನೆಯಲ್ಲಿ ಡಾಕ್ಟರು ಕೂಸನ್ನು ನೋಡಿದವರೇ ಸೂಜಿ ಚುಚ್ಚಿದರು, ಮೂಗಿಗೆ ನಳಿಗೆ ಇಟ್ಟರು. ನಾವು ವರಾಂಡದಲ್ಲಿ ಕುಳಿತೆವು. ಫಿನೈಲ್ ವಾಸನೆಯನ್ನು ನಾನು ಮೊದಲ ಬಾರಿಗೆ ಮೂಸಿದ್ದು ಅಲ್ಲಿಯೇ. ಬಹಳ ಹೊತ್ತಾದ ಮೇಲೆ ಡಾಕ್ಟರು ಹೊರಗೆ ಬಂದು ಅಪ್ಪನ ಎದುರು ನಿಂತರು.

“ಎದ್ಯಾಗ ಕಫ ಕಟ್ಟ್ಯಾದ. ಕೂಸಿಗಿ ಹೊಗಿ ಹಾಕಿದ್ರೇನು?”

ಅಪ್ಪ ಅಕ್ಕನ ಮುಖ ನೋಡಿದ. ಅಕ್ಕ ತಲೆ ತಗ್ಗಿಸಿದಳು.

“ಇಷ್ಟ ಸಣ್ಣ ಎದಿ ಹೊಗಿ ತಡಿಯಂಗಿಲ್ರಿ. ಉಸಿರಿಗಿ ಇನ್ನೂ ತ್ರಾಸ ಆಗ್ಯಾದ. ಈಗ ಫಿಕರ್ ಮಾಡಬ್ಯಾಡ್ರಿ, ಉಳೀತದ. ಆದ್ರ ಇನ್ನ ಜರಾ ತಡಾ ಮಾಡಿ ಬಂದಿದ್ರ ನನ್ನ ಕೈಯಾಗ ಏನೂ ಇರ್ತಿದ್ದಿಲ್ಲ.”

ಅಪ್ಪ ಕೈ ಮುಗಿದ. ಆಮೇಲೆ ಹೊರಗೆ ಹೋಗಿ ಬೇವಿನ ಮರಕ್ಕೆ ಹಣೆಯಾನಿಸಿ ನಿಂತ. ಅವನ ಬೆನ್ನು ಅಲುಗುತ್ತಿತ್ತು. ಅಪ್ಪ ಅಳುವುದನ್ನು ನೋಡಬಾರದೆಂದು ನಾನು ಬೇರೆ ಕಡೆ ತಿರುಗಿಕೊಂಡೆ.

ಅಕ್ಕ, ಅವ್ವ ಕೂಸಿನ ಜೊತೆ ಅಲ್ಲಿಯೇ ಉಳಿದರು. ಮನೆಯಲ್ಲಿ ಆಯಿ ಒಬ್ಬಳೇ, ದನಕರುಗಳೂ ಇವೆ ಎಂದು ಅಪ್ಪ ನನ್ನನ್ನು ಕರೆದುಕೊಂಡು ಸಂಜೆಯ ಬಸ್ಸಿಗೆ ಹೊರಟ. ದಾರಿಯುದ್ದಕ್ಕೂ ಅವನು ಕಿಟಕಿಯ ಕಂಬಿ ಹಿಡಿದುಕೊಂಡು ಕೂತಿದ್ದ.

ನಾವು ಮನೆ ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಆಯಿ ಮುಂಬಾಗಿಲ ಕಟ್ಟೆಯ ಮೇಲೆ ಕುಳಿತಿದ್ದಳು. ಎಷ್ಟು ಹೊತ್ತಿನಿಂದ ಕುಳಿತಿದ್ದಳೋ, ಸೀರೆಯ ಸೆರಗೆಲ್ಲ ಎರಚಲಿಗೆ ನೆನೆದಿತ್ತು.

“ಕೂಸು ಹ್ಯಾಂಗದೋ?” ಎಂದು ಎದ್ದಳು.

ಅಪ್ಪ ಅವಳನ್ನು ದಾಟಿ ಒಳಗೆ ಹೋದ. ನಾನೇ ಹೇಳಿದೆ, “ಉಳೀತು ಆಯಿ. ಸೂಜಿ ಮಾಡ್ಯಾರ.” ಆಯಿ ಎರಡೂ ಕೈಯಿಂದ ನನ್ನ ಗಲ್ಲ ಹಿಡಿದಳು. ಅವಳ ಕೈ ತಣ್ಣಗಿದ್ದವು. ಅವಳು ಇನ್ನೇನೋ ಕೇಳುವವಳಿದ್ದಳು, ಅಷ್ಟರಲ್ಲಿ ಹಿತ್ತಲಿನಿಂದ ಗುದ್ದಲಿಯ ಸದ್ದು ಬಂತು.

ನಾವು ಹೋಗಿ ನೋಡಿದಾಗ ಬಜೆಯ ಗಿಡಗಳು ಆಗಲೇ ಬೇರು ಮೇಲಾಗಿ ಬಿದ್ದಿದ್ದವು. ಅಪ್ಪ ಮರುಗದ ಬುಡಕ್ಕೆ ಗುದ್ದಲಿ ಹಾಕುತ್ತಿದ್ದ. ದವನವನ್ನು ಕೈಯಿಂದಲೇ ಮುಷ್ಟಿ ಮುಷ್ಟಿ ಕಿತ್ತು ಗೋಡೆಯಾಚೆ ಎಸೆದ. ಕೊನೆಗೆ ಲಕ್ಕಿ ಬೇಲಿಗೆ ಬಂದ. ಲಕ್ಕಿ ಸುಲಭಕ್ಕೆ ಬರುವ ಗಿಡವಲ್ಲ. ಅವನು ಹಲ್ಲು ಕಚ್ಚಿ ಜಗ್ಗುತ್ತಿದ್ದ.

ಆಯಿ ಹಿತ್ತಲ ಬಾಗಿಲಲ್ಲಿ ನಿಂತಿದ್ದಳು. ಕೂಗಾಡಲಿಲ್ಲ, ಅಡ್ಡ ಹೋಗಲಿಲ್ಲ. ದಿನಾ ಸಂಜೆ ನನಗೆ ಹೇಳುತ್ತಿದ್ದಳಲ್ಲ, ಅದೇ ಪಿಸುದನಿಯಲ್ಲಿ ಹೇಳಿದಳು:

“ಮಲ್ಕೊಂಡಾವೋ ಅಪ್ಪಾ. ಬೆಳಗರ ಆಗ್ಲಿ.”

“ನಿನ್ನ ಗಿಡಾ ಇವತ್ತ ನನ್ನ ಮಗಳ ಮಡ್ಲಾ ಬರಿದು ಮಾಡ್ತಿದ್ವು ಯವ್ವಾ!” ಅಪ್ಪನ ದನಿ ಒಡೆದಿತ್ತು. “ಮಲಗ್ಲಿ, ಇಲ್ಲ ಸಾಯ್ಲಿ!”

ತುಳಸಿ ಕಟ್ಟೆಯ ಮುಂದೆ ಮಾತ್ರ ಅವನ ಕೈ ನಿಂತಿತು. ಗುದ್ದಲಿಯನ್ನು ಅಲ್ಲೇ ಬಿಸಾಕಿ, ಮುಂಬಾಗಿಲಿಗೆ ಹೋಗಿ ಲೋಳಸರವನ್ನೂ ಹರಿದು ಹಾಕಿ, ದನದ ಕೊಟ್ಟಿಗೆಗೆ ಹೋದ. ಆ ಸಂಜೆ ನಮ್ಮ ಹಿತ್ತಲು ಎಂದೂ ಇಲ್ಲದಂತೆ ಘಮಘಮಿಸುತ್ತಿತ್ತು. ಎಲ್ಲ ಗಿಡಗಳೂ ಒಟ್ಟಿಗೆ ಮುರಿದಿದ್ದರಿಂದ ಮರುಗ, ದವನ, ಲಕ್ಕಿ, ಬಜೆ ಎಲ್ಲದರ ವಾಸನೆ ಬೆರೆತು ಗಾಳಿ ದಪ್ಪಗಾಗಿತ್ತು. ಇಂದಿಗೂ ಯಾವುದಾದರೂ ಹೂವಿನ ಅಂಗಡಿಯ ಮುಂದೆ ದವನದ ವಾಸನೆ ಬಂದರೆ ನನ್ನ ಕಾಲು ಬೇಗಬೇಗ ಮುಂದೆ ಹೋಗುತ್ತವೆ.

ಮರುದಿನ ಕಿತ್ತ ಗಿಡಗಳು ತಿಪ್ಪೆಯ ಮೇಲೆ ಬಾಡಿ ಬಿದ್ದಿದ್ದವು. ಓಣಿಯ ಆಡುಗಳು ಬಂದು ಬೇಕಾದ್ದನ್ನು ತಿಂದು, ಲಕ್ಕಿಯನ್ನು ಮೂಸಿ ಬಿಟ್ಟು ಹೋದವು. ಆಯಿ ಆ ಕಡೆ ಹೋಗಲಿಲ್ಲ.

ಕೂಸು ಗುಣವಾಗಿ ಮನೆಗೆ ಬಂತು. ಅಕ್ಕ ಬಂದವಳೇ ಆಯಿಯ ಕಾಲು ಮುಟ್ಟಿದಳು. ಆಯಿ ಕೂಸನ್ನು ಎತ್ತಿಕೊಳ್ಳಲು ಕೈ ಚಾಚಿ, ಹಾಗೆಯೇ ಹಿಂದಕ್ಕೆ ಎಳೆದುಕೊಂಡಳು. ಅಕ್ಕನೇ ಅವಳ ಮಡಿಲಿಗೆ ಹಾಕಿದಳು. ಆ ಸಂಜೆ ಊಟದ ಹೊತ್ತಿಗೆ ಅವ್ವ ದವಾಖಾನೆಯ ಸುದ್ದಿ ಹೇಳುತ್ತಿದ್ದಳು. ಅಲ್ಲಿ ಅವ್ವನಿಗೆ ನೆಗಡಿಯಾದಾಗ ಅದೇ ಡಾಕ್ಟರು ತುಳಸಿ, ಶುಂಠಿ ಕುದಿಸಿ ಕುಡೀರಿ ಎಂದಿದ್ದರಂತೆ. “ಗಿಡಾ ಏನ್ ಪಾಪ ಮಾಡ್ಯಾವ, ಹೊಗಿ ಒಂದ ಕೂಸಿಗಿ ಬ್ಯಾಡ,” ಎಂದಿದ್ದರಂತೆ. ಅಪ್ಪನ ಕೈಯಲ್ಲಿನ ರೊಟ್ಟಿಯ ತುತ್ತು ತಟ್ಟೆಗೆ ಮರಳಿತು. ಅವನು ಎದ್ದು ಕೈ ತೊಳೆದುಕೊಂಡ.

ಮುಂದಿನ ಮಳೆಗಾಲ ಅಪ್ಪ ಯಾವುದೋ ಕೆಲಸಕ್ಕೆ ಕುಂಚಾವರಂ ಕಡೆ ಹೋದವನು ಅಲ್ಲಿನ ಅಡವಿಯಿಂದ ಲಕ್ಕಿಯ ಒಂದು ಸಸಿಯನ್ನು ಒದ್ದೆ ಚೀಲದಲ್ಲಿ ಸುತ್ತಿಕೊಂಡು ತಂದ. ಯಾರಿಗೂ ಹೇಳದೆ ಹಳೆಯ ಬೇಲಿಯ ಜಾಗದಲ್ಲಿ ನೆಟ್ಟ. ದಿನಾ ತಾನೇ ನೀರು ಹಾಕಿದ. ಅದು ಚಿಗುರಿತು, ಆಳೆತ್ತರ ಬೆಳೆಯಿತು. ಆಯಿ ಅದರ ಒಂದು ಎಲೆಯನ್ನೂ ಹರಿಯಲಿಲ್ಲ. ತಪ್ಪಾಯಿತು ಎಂದು ಅಪ್ಪ ಬಾಯಿಬಿಟ್ಟು ಹೇಳಲಿಲ್ಲ. ತನ್ನದೂ ತಪ್ಪಿತ್ತು ಎಂದು ಆಯಿಯೂ ಹೇಳಲಿಲ್ಲ. ಇಬ್ಬರೂ ಒಂದೇ ಮನೆಯಲ್ಲಿ ಉಂಡು, ಮಲಗಿ, ದನದ ಬಗ್ಗೆ, ಮಳೆಯ ಬಗ್ಗೆ ಮಾತಾಡಿಕೊಂಡು ಇದ್ದರು. ಹಿತ್ತಲ ಮಾತು ಮಾತ್ರ ಎಂದೂ ಎತ್ತಲಿಲ್ಲ.

ಅಳುವ ಕೂಸನ್ನು ಎತ್ತಿಕೊಂಡು ಬಂದ ಹೆಣ್ಣುಮಕ್ಕಳಿಗೆ ಆಯಿ, “ದವಾಖಾನಿಗಿ ಒಯ್ಯವ್ವಾ, ನನಗೇನೂ ಬರಂಗಿಲ್ಲ,” ಎನ್ನುತ್ತಿದ್ದಳು. ಕ್ರಮೇಣ ಜನ ಬರುವುದೇ ನಿಂತಿತು. ಒಂದು ಮಧ್ಯಾಹ್ನ ಇಬ್ಬರೂ ಕುಳಿತು ಜೋಳ ಹಸನು ಮಾಡುತ್ತಿದ್ದಾಗ ನಾನು ಧೈರ್ಯ ಮಾಡಿ ಕೇಳಿದೆ.

“ಆಯಿ, ಬಜಿ ಗಿಡಕ್ಕ ಏನಂತ ಕೇಳಬೇಕು? ಹೇಳ್ತೀನಿ ಅಂದಿದ್ದಿ.”

ಮೊರದಲ್ಲಿ ಆಡುತ್ತಿದ್ದ ಅವಳ ಬೆರಳು ನಿಂತವು.

“ಮರ್ತೀನಿ ಮಗಾ,” ಎಂದಳು.

ಅವಳು ಮರೆತಿರಲಿಲ್ಲ. ಊರ ಹೊರಗಿನ ಹಳ್ಳಕ್ಕೆ ಹೋಗುವಾಗ ಬೇರೆಯವರ ಬೇಲಿಯ ಗಿಡಗಳ ಪಕ್ಕದಲ್ಲಿ ಅವಳ ನಡಿಗೆ ನಿಧಾನವಾಗುತ್ತಿತ್ತು, ತುಟಿ ಅಲುಗುತ್ತಿದ್ದವು. ನಾನು ಹತ್ತಿರ ಸರಿದರೆ ಸುಮ್ಮನಾಗುತ್ತಿದ್ದಳು. ನಾನು ಆಮೇಲೂ ಕೇಳಿದ್ದೇನೆ, ಅವಳ ಸೆರಗು ಹಿಡಿದು ಹಟ ಮಾಡಿದ್ದೇನೆ. ಪ್ರತಿ ಸಲವೂ ಅದೇ ಮಾತು. ಮರ್ತೀನಿ ಮಗಾ.

ಆಯಿ ಒಂದು ಬೆಳಗಿನ ಜಾವ ನಿದ್ದೆಯಲ್ಲೇ ತೀರಿಕೊಂಡಳು. ಅಷ್ಟು ಹೊತ್ತಿಗೆ ನಾನು ದೊಡ್ಡ ಶಾಲೆಗೆ ಹೋಗುತ್ತಿದ್ದೆ. ನಮ್ಮಲ್ಲಿ ಮಣ್ಣು ಮಾಡುವಾಗ ಬಿಲ್ವಪತ್ರಿಯ ಎಲೆ ಬೇಕು. ಅದನ್ನು ತರಲು ಅಪ್ಪ ಬೇರೆ ಯಾರನ್ನೂ ಕಳಿಸಲಿಲ್ಲ, ತಾನೇ ಹೊರಟ. ನಾನೂ ಹಿಂದೆ ಹೋದೆ. ಗುಡಿಯ ಹಿಂದಿನ ಪತ್ರಿ ಮರದ ಕೆಳಗೆ ಅವನು ಕೈ ಎತ್ತಿ ಟೊಂಗೆ ಹಿಡಿದ. ಹಿಡಿದವನು ಕೀಳದೆ ಹಾಗೆಯೇ ನಿಂತ.

ಆಮೇಲೆ ನನ್ನತ್ತ ತಿರುಗದೆ ಕೇಳಿದ, “ಕೀಳೂಮುಂದ ಏನಂತಿದ್ಳು ನಮ್ಮವ್ವ? ನಿನಗ ಹೇಳಿಕೊಟ್ಟಿದ್ಳಲ್ಲ?”

ಪತ್ರಿಯ ಮಾತು ನನ್ನವರೆಗೆ ಬಂದಿರಲೇ ಇಲ್ಲ. ಅದನ್ನು ಅಪ್ಪನಿಗೆ ಹೇಳಲು ನನಗೆ ಬಾಯಿ ಬರಲಿಲ್ಲ. ನಾನು ನೆಲ ಮುಟ್ಟಿ ಹಣೆಗೆ ಹಚ್ಚಿಕೊಂಡು, ಲಕ್ಕಿಯ ಮಾತನ್ನೇ ಹೆಸರು ಬದಲಿಸಿ ಹೇಳಿದೆ. ಎಲಿ ನಮಗಿರಲಿ, ಬೇರು ನಿನಗಿರಲಿ. ಅಪ್ಪ ಅದನ್ನು ನನ್ನ ಹಿಂದೆ ಒಂದೊಂದೇ ಶಬ್ದ ಹೇಳಿದ. ಅಷ್ಟು ದೊಡ್ಡ ಮನುಷ್ಯ, ಶಾಲೆಯ ಕೂಸಿನಂತೆ. ಆಮೇಲೆ ಎಲೆ ಹರಿದ. ಅದು ಸರಿಯಾದ ಮಾತಲ್ಲ ಎಂದು ಅವನಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ.

ಅಂದಿನ ಆ ಕೂಸು ಯಾರೆಂದು ಕೇಳುತ್ತೀರಾ? ವಾಡಿಯ ನಿಮ್ಮ ದೊಡ್ಡಪ್ಪನೇ. ಬಂದಾಗಲೆಲ್ಲ ನಿಮ್ಮನ್ನು ಹೆಗಲ ಮೇಲೆ ಕೂರಿಸಿಕೊಂಡು ಕುಣಿಸುತ್ತಾನಲ್ಲ, ಆ ಅಗಲ ಎದೆಯ ಮನುಷ್ಯ. ಅವನನ್ನು ನೋಡಿದಾಗಲೆಲ್ಲ ಅಕ್ಕ ಆ ದಿನ ಹೊಸ್ತಿಲು ದಾಟಿದ್ದು ಎಷ್ಟು ದೊಡ್ಡ ಕೆಲಸ ಎಂದು ನನಗೆ ಅನಿಸುತ್ತದೆ. ಅಪ್ಪ ಸಿಟ್ಟಾದದ್ದರಲ್ಲೂ ನ್ಯಾಯವಿತ್ತು. ಆದರೆ ದವಾಖಾನೆಗೆ ಹೋಗುವುದಕ್ಕೆ ಹಿತ್ತಲನ್ನು ಕೀಳಬೇಕಾಗಿರಲಿಲ್ಲ. ಎರಡೂ ನಮ್ಮ ಹತ್ತಿರ ಇರಬಹುದಿತ್ತು. ಹೊಗೆಯೊಂದನ್ನು ಬಿಟ್ಟು ಉಳಿದದ್ದನ್ನು ಆಯಿ ನನಗೆ ಕಲಿಸಬಹುದಿತ್ತು. ಗಿಡದ ಮುಂದೆ ತಲೆ ಬಾಗಿಸಿ, ಕೇಳಿ ತೆಗೆದುಕೊಳ್ಳುವ ಒಂದು ರೀತಿ ನಮ್ಮ ಮನೆಯಲ್ಲಿತ್ತು. ಅದು ಒಂದು ಸಂಜೆಯ ಸಿಟ್ಟಿನಲ್ಲಿ ಹೋಯಿತು.

ಈಗ ಶಹಾಬಾದಿನ ನಮ್ಮ ಈ ಮನೆಯಲ್ಲಿ ಹಿತ್ತಲಿಲ್ಲ. ಗೋಡೆಗೆ ಗೋಡೆ ಹತ್ತಿಸಿ ಪಕ್ಕದ ಮನೆಯಿದೆ. ಮಾಳಿಗೆಯ ಮೇಲೆ ನಿಮ್ಮ ಅವ್ವ ಕುಂಡಗಳಲ್ಲಿ ಏನೇನೋ ಬೆಳೆಸಿದ್ದಾಳೆ, ನೋಡಲು ಚಂದ ಇವೆ. ಗೊತ್ತಿಲ್ಲದ ಗಿಡ ಕಂಡರೆ ನೀವು ಮೊಬೈಲು ಹಿಡಿದು ಫೋಟೋ ತೆಗೆಯುತ್ತೀರಿ, ಅದರ ಹೆಸರು, ಊರು, ಕುಲ ಎಲ್ಲ ಕೂಡಲೇ ಬರುತ್ತದೆ. ನಮಗೆ ಒಂದು ಗಿಡವನ್ನು ತಿಳಿಯಲು ಒಂದು ಮಳೆಗಾಲ ಬೇಕಾಗುತ್ತಿತ್ತು. ನಿಮಗೆ ಹೆಚ್ಚು ಗೊತ್ತಿದೆ, ಅದು ಒಳ್ಳೆಯದೇ.

ಹೋದ ತಿಂಗಳು ನಿಮ್ಮಲ್ಲಿ ಸಣ್ಣವಳಿಗೆ ಉಸಿರು ಕಟ್ಟಿತಲ್ಲ, ನಿಮ್ಮ ಅಪ್ಪ ಅವಳನ್ನು ಬೈಕಿನ ಮೇಲೆ ದವಾಖಾನೆಗೆ ಒಯ್ದ. ಅಲ್ಲಿ ಮೂಗಿಗೆ ಮುಚ್ಚಳದಂಥದ್ದು ಇಟ್ಟು ಔಷಧದ ಆವಿ ಕೊಟ್ಟರಂತೆ. ತಾಸಿನೊಳಗೆ ಅವಳು ಬಿಸ್ಕತ್ತು ತಿನ್ನುತ್ತ ನಗುತ್ತ ಮನೆಗೆ ಬಂದಳು. ನಾನು ಬಸವಣ್ಣನಿಗೆ ಕೈ ಮುಗಿದೆ. ಆದರೆ ಅವರು ಹೋದ ಮೇಲೆ ಆ ಒಂದು ತಾಸು ನಾನು ಈ ಖುರ್ಚಿಯಲ್ಲಿ ಹೇಗೆ ಕುಳಿತಿದ್ದೆನೆಂದು ನಿಮಗೆ ಗೊತ್ತಿಲ್ಲ. ಮೊಮ್ಮಗಳಿಗೆ ಉಸಿರು ಸಿಗುತ್ತಿಲ್ಲ, ಮನೆಯಲ್ಲಿ ಫ್ಯಾನು ತಿರುಗುತ್ತಿದೆ, ನನಗೆ ಮಾಡಲು ಏನೂ ಇಲ್ಲ. ಎದ್ದೆ, ಕುಳಿತೆ, ಅಡುಗೆಮನೆಗೆ ಹೋಗಿ ಒಂದು ಲೋಟ ನೀರು ತುಂಬಿಸಿದೆ, ಕುಡಿಯದೆ ಅಲ್ಲೇ ಇಟ್ಟು ಬಂದೆ. ಆ ದಿನ ಆಯಿ ಯಾಕೆ ಕೆಂಡದ ಮುಂದಿನಿಂದ ಏಳಲಿಲ್ಲ ಎಂಬುದು ಇಷ್ಟು ವಯಸ್ಸಾದ ಮೇಲೆ, ಆ ತಾಸಿನಲ್ಲಿ ನನಗೆ ತಿಳಿಯಿತು. ಅದನ್ನು ಹೇಳೋಣವೆಂದರೆ ಈಗ ಆಯಿಯೂ ಇಲ್ಲ, ಅಪ್ಪನೂ ಇಲ್ಲ.